‘ಬರೀ ಕೋಚ್’ ಎಂದೆಯಲ್ಲ, ಮಗಳೇ

ಬಳ್ಳಾರಿ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು. ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ ಮಾತಿಗೆ ಆಗಲೇ ಉತ್ತರ ಕೊಡಲು ನನ್ನಿಂದ ಆಗಲಿಲ್ಲ, ಗಂಟಲು ಕಟ್ಟಿತು. “ಇನ್ನು ಫುಟ್‌ಬಾಲ್ ಆಡುವುದು ಮುಗಿಯಿತು ಅಮ್ಮಾ, ಶಾಲೆಯವರು ಕರೆದಿದ್ದಾರೆ, ಬರೀ ಕೋಚ್ ಆಗಿ ಇದ್ದುಬಿಡುತ್ತೇನೆ” ಎಂದೆ. ಬೆಳಿಗ್ಗೆಯಿಂದ ಮಷಿನ್ ಮುಂದೆ ಕುಳಿತು ಪ್ಯಾಂಟಿನ ಹಿಂದಿನ ಜೇಬು ಹೊಲಿಯುತ್ತಿದ್ದರೂ ಆ ‘ಬರೀ’ ಎಂಬ ಎರಡಕ್ಷರವೇ ಕಿವಿಯಲ್ಲಿ ನಿಂತಿದೆ. ಎರಡು ಜೇಬು ಸೊಟ್ಟಗಾದವು, ಬಿಚ್ಚಿ ಮತ್ತೆ ಹೊಲಿದೆ. ಕೊನೆಗೆ ಮಷಿನ್ ನಿಲ್ಲಿಸಿ ಕಾಗದ ಹಿಡಿದಿದ್ದೇನೆ. ಫೋನಿನಲ್ಲಾದರೆ ನಡುವೆ ನೀನು ಅಳುತ್ತೀಯೆ, ನಾನೂ ಅಳುತ್ತೇನೆ, ಮಾತು ಅರ್ಧಕ್ಕೇ ಉಳಿಯುತ್ತದೆ.

ಅದೇ ಮೊಣಕಾಲಿಗೆ ಎರಡನೆಯ ಸಲ ಪೆಟ್ಟು. ಅದಕ್ಕೆ ಸಮಾಧಾನ ಹೇಳಲು ನಾನು ಹೊರಟಿಲ್ಲ. ಹತ್ತು ವರ್ಷದವಳಿದ್ದಾಗಿನಿಂದ ನಸುಕಿನಲ್ಲಿ ಎದ್ದು ಮುನ್ಸಿಪಲ್ ಮೈದಾನಕ್ಕೆ ಓಡಿದವಳು ನೀನು. ಆಟ ಹೋಯಿತೆಂದರೆ ಏನು ಹೋಯಿತು ಎಂಬುದು ನಿನಗೆ ಗೊತ್ತು, ಸ್ವಲ್ಪ ಮಟ್ಟಿಗೆ ನನಗೂ ಗೊತ್ತು. ಅಳಬೇಕೆನಿಸಿದಷ್ಟು ದಿನ ಅಳು. ಆದರೆ ‘ಬರೀ’ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಿನಗೆ 2022ರ ಜುಲೈ 31 ನೆನಪಿದೆಯಲ್ಲವೇ? ಮೊದಲ ಆಪರೇಷನ್ ಆಗಿ ನೀನು ಮಂಚ ಹಿಡಿದಿದ್ದ ದಿನಗಳು. ಆವತ್ತೂ ಭಾನುವಾರವೇ. ಕಾಲಿನ ಕೆಳಗೆ ಎರಡು ದಿಂಬು ಇಟ್ಟುಕೊಂಡು, ಮೊಬೈಲನ್ನು ನೀರಿನ ತಂಬಿಗೆಗೆ ಒರಗಿಸಿ, ರಾತ್ರಿ ಒಂಬತ್ತೂವರೆಗೆ ಮಹಿಳೆಯರ ಯುರೋ ಕಪ್ ಫೈನಲ್ ಹಚ್ಚಿದೆ. ಇಂಗ್ಲೆಂಡ್, ಜರ್ಮನಿ. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ 87,192 ಜನ, ಹೆಣ್ಣುಮಕ್ಕಳ ಆಟ ನೋಡಲು! ನಮ್ಮ ಮೈದಾನದಲ್ಲಿ ನಿನ್ನ ಆಟಕ್ಕೆ ನಾನು, ಇನ್ನಿಬ್ಬರು ತಾಯಂದಿರು, ಕಡಲೆಕಾಯಿ ಮಾರುವ ಅಜ್ಜ ಇಷ್ಟೇ ಜನ ಇದ್ದದ್ದು ನೆನೆದು ನನಗೆ ಕಣ್ಣು ತುಂಬಿ ಬಂದಿತ್ತು.

ನೀನು ಚೆಂಡನ್ನು ನೋಡುತ್ತಿದ್ದೆ. ನಾನು ನೋಡಿದ್ದು ಗೆರೆಯ ಆಚೆ ನಿಂತಿದ್ದ ಆ ಹೆಂಗಸನ್ನು. ನನ್ನ ಮುಖ ಕಂಡು ನೀನೇ ಹೇಳಿದೆ, ಅವರು ಸರೀನಾ ವೀಗ್ಮನ್, ಇಂಗ್ಲೆಂಡಿನ ಕೋಚ್, ನನ್ನ ಹಾಗೆ ಮೈದಾನದ ಮಧ್ಯದಲ್ಲಿ ಆಡುವ ಮಿಡ್‌ಫೀಲ್ಡರ್ ಆಗಿದ್ದವರು ಎಂದು. ಆ ಟೂರ್ನಿಯ ಆರೂ ಪಂದ್ಯಗಳಿಗೆ ಅವರು ಇಳಿಸಿದ್ದು ಅದೇ ಹನ್ನೊಂದು ಜನರನ್ನು. ಆದರೆ ಫೈನಲ್‌ನಲ್ಲಿ ಗೆದ್ದುಕೊಟ್ಟ ಎರಡೂ ಗೋಲುಗಳನ್ನು ಹೊಡೆದವರು ಬೆಂಚಿನಿಂದ ಎದ್ದು ಬಂದವರು. ಮೊದಲು ಎಲಾ ಟೂನ್, ಆಮೇಲೆ ಹೆಚ್ಚುವರಿ ಸಮಯದಲ್ಲಿ, 110ನೇ ನಿಮಿಷಕ್ಕೆ, ಕ್ಲೋಯಿ ಕೆಲ್ಲಿ. ಕೆಲ್ಲಿಗೂ ನಿನ್ನ ಹಾಗೆಯೇ ಮೊಣಕಾಲಿನೊಳಗಿನ ಎಸಿಎಲ್ ಎಂಬ ಕಟ್ಟುನಾರು ಹರಿದಿತ್ತು, ಹಿಂದಿನ ವರ್ಷ, 2021ರ ಮೇ ತಿಂಗಳಲ್ಲಿ. ಅದನ್ನು ಹೇಳುವಾಗ ನಿನ್ನ ಕಣ್ಣು ಹೊಳೆದದ್ದನ್ನು ನಾನು ಮರೆತಿಲ್ಲ. ನೀನು ಕೆಲ್ಲಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ, ಮತ್ತೆ ಎದ್ದು ಆಡಿದೆ. ನಾನು ವೀಗ್ಮನ್ ಅವರನ್ನು ಇಟ್ಟುಕೊಂಡೆ. ಕಾಲು ಇನ್ನೂ ಪೂರ್ತಿ ನಂಬಿಕೆಗೆ ಬಾರದ ಹುಡುಗಿಯನ್ನು ಇಷ್ಟು ದೊಡ್ಡ ಆಟಕ್ಕೆ ಯಾವ ಗಳಿಗೆಯಲ್ಲಿ ಇಳಿಸಬೇಕು ಎಂದು ತಿಳಿದವರಲ್ಲವೇ ಅವರು? ಅದು ಕಾಲಿನ ಕೆಲಸವಲ್ಲ. ಆದರೂ ಅದು ಆಟವೇ.

ಆಟ ಮುಗಿದ ಮೇಲೆ ಅವರು ತಮ್ಮ ಕೈಯಲ್ಲಿದ್ದ ಒಂದು ಸಣ್ಣ ಪಟ್ಟಿಗೆ ಮುತ್ತಿಟ್ಟರು. ಅದು ಅವರ ಅಕ್ಕನೋ ತಂಗಿಯೋ ಹಾಕಿಕೊಳ್ಳುತ್ತಿದ್ದ ಪಟ್ಟಿಯಂತೆ. ಟೂರ್ನಿ ಶುರುವಾಗುವ ಸ್ವಲ್ಪ ಮುಂಚೆ ಆಕೆ ತೀರಿಕೊಂಡಿದ್ದರು. ಮನೆಯಲ್ಲಿ ಸಾವು ಇಟ್ಟುಕೊಂಡು, ಇಪ್ಪತ್ತಮೂರು ಹುಡುಗಿಯರ ಮುಂದೆ ಮುಖ ಗಟ್ಟಿ ಮಾಡಿಕೊಂಡು ನಿಂತಿದ್ದವರು ಆ ಒಂದು ಕ್ಷಣ ಮಾತ್ರ ಸಡಿಲವಾದರು. ನೀನು ನಿದ್ದೆ ಹೋಗಿದ್ದೀಯೆ ಎಂದುಕೊಂಡು ನಾನು ಆಗ ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಆಮೇಲೆ ಅವರ ವಿಷಯ ಎಲ್ಲಿ ಸಿಕ್ಕರೂ ಓದಿದ್ದೇನೆ. ನೆದರ್ಲೆಂಡ್ಸ್‌ನ ಹೇಗ್ ಊರಿನಲ್ಲಿ 1969ರಲ್ಲಿ ಹುಟ್ಟಿದವರು. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ತಂಡವೇ ಇಲ್ಲ. ಆರು ವರ್ಷದ ಹುಡುಗಿ ಕೂದಲು ಗಿಡ್ಡ ಮಾಡಿಸಿಕೊಂಡು, ಅವಳಿ ಅಣ್ಣತಮ್ಮನ ಜೊತೆ ಹುಡುಗರ ತಂಡದಲ್ಲಿ ಸೇರಿಕೊಂಡಳು. ಮಣಿಪುರದ ಫುಟ್‌ಬಾಲ್ ಆಟಗಾರ್ತಿ ಬೆಂಬೆಂ ದೇವಿಯದೂ ಇದೇ ಕಥೆ. ಹುಡುಗರ ಹೆಸರು ಹೇಳಿಕೊಂಡು ಹುಡುಗರ ತಂಡದಲ್ಲಿ ಆಡಿದವರು ಅವರು. ನಾನು ಮಾತ್ರ ನಿನ್ನ ಜಡೆ ಕತ್ತರಿಸಲು ಬಿಡಲಿಲ್ಲ. ಕೌಲ್ ಬಜಾರಿನ ಹುಡುಗರ ನಡುವೆ ನೀನು ಎರಡು ಜಡೆ ಹಾರಿಸಿಕೊಂಡೇ ಓಡಬೇಕು ಎಂಬ ಹಟ ನನಗಿತ್ತು. ಅದು ಸರಿಯಾದ ಹಟ ಎಂದು ಇಂದಿಗೂ ನಂಬಿದ್ದೇನೆ.

ವೀಗ್ಮನ್ ಇಪ್ಪತ್ತರ ಹೊತ್ತಿಗೆ, 1989ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಹುಡುಗಿಯರಿಗೆ ಮೈದಾನ, ಬಟ್ಟೆ, ಊಟ, ತರಬೇತಿ ಎಲ್ಲವೂ ಇತ್ತು. ನಮ್ಮಲ್ಲಿ ಇದೇಕೆ ಇಲ್ಲ ಎಂಬ ಪ್ರಶ್ನೆ ಹೊತ್ತುಕೊಂಡು ಊರಿಗೆ ಮರಳಿದರು. ದೇಶಕ್ಕಾಗಿ ಸುಮಾರು ನೂರು ಪಂದ್ಯ ಆಡಿದರು, ನಾಯಕಿಯಾದರು, ಆದರೂ ಆಟದಿಂದ ಹೊಟ್ಟೆ ತುಂಬಲಿಲ್ಲ. ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿ ದುಡಿಯುತ್ತಲೇ ಆಡಿದರು. ಕೇಳಿಸಿಕೋ, ಶಾಲೆಯಲ್ಲಿ! ನೀನು ಮೂಗು ಮುರಿದ ಜಾಗ ಅದೇ. 2003ರಲ್ಲಿ, ಎರಡನೆಯ ಮಗು ಹೊಟ್ಟೆಯಲ್ಲಿದ್ದಾಗ, ಆಡುವುದನ್ನು ಬಿಟ್ಟರು. ಮೂರು ವರ್ಷ ಬಿಟ್ಟು ತಾವು ಆಡಿದ್ದ ಕ್ಲಬ್ಬಿಗೇ ಕೋಚ್ ಆಗಿ ಹೋದರು. ಅಲ್ಲಿಂದ 2017ರಲ್ಲಿ ನೆದರ್ಲೆಂಡ್ಸ್‌ಗೆ ಮೊದಲ ಯುರೋ ಕಪ್ ಬರುವವರೆಗೆ ಹನ್ನೊಂದು ವರ್ಷ ಹಿಡಿಯಿತು. ಆಮೇಲೆ ಇಂಗ್ಲೆಂಡಿಗೆ 2022ರಲ್ಲಿ ಒಂದು, 2025ರಲ್ಲಿ ಇನ್ನೊಂದು. ನಡುವೆ 2019ರ ವಿಶ್ವಕಪ್ ಫೈನಲ್ ಸೋತರು, 2023ರದ್ದೂ ಸೋತರು. ಸೋತ ಮಾರನೆಯ ದಿನವೂ ಅವರು ಕೋಚ್ ಆಗಿಯೇ ಎದ್ದಿರಬೇಕು.

ಬೆಂಬೆಂ ದೇವಿಯವರನ್ನು ನೀನೇ ನನಗಿಂತ ಚೆನ್ನಾಗಿ ಬಲ್ಲೆ. ಹದಿನೈದಕ್ಕೇ ಭಾರತಕ್ಕೆ ಆಡಿದ ಮಿಡ್‌ಫೀಲ್ಡರ್. 2016ರಲ್ಲಿ ಶಿಲ್ಲಾಂಗ್‌ನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನ ಗೆದ್ದು ದೇಶದ ಅಂಗಿ ಕಳಚಿದರು. ಮರುವರ್ಷವೇ ಮೊದಲ ಭಾರತೀಯ ಮಹಿಳಾ ಲೀಗನ್ನು ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ಗೆದ್ದಾಗ ಆ ತಂಡದ ಹೊಣೆ ಹೊತ್ತಿದ್ದವರು ಅವರೇ. ಪದ್ಮಶ್ರೀ ಬಂದದ್ದು 2020ರಲ್ಲಿ, ಆಟ ಬಿಟ್ಟು ನಾಲ್ಕು ವರ್ಷಕ್ಕೆ.

ನಿಮ್ಮಪ್ಪ ಕೇಳಿದರು, ಒಳ್ಳೆಯ ಕೋಚ್‌ಗಳಲ್ಲಿ ಇಷ್ಟೊಂದು ಮಂದಿ ಮಧ್ಯದಲ್ಲಿ ಆಡಿದವರೇ ಏಕೆ ಎಂದು. ಗಾರ್ಡಿಯೋಲಾ, ಆಂಚೆಲೊಟ್ಟಿ, ದೆಶಾಂ, ನಿನ್ನ ಗೋಡೆಯ ಮೇಲೆ ಇನ್ನೂ ಅಂಟಿಕೊಂಡಿರುವ ಶಾಬಿ ಅಲೊನ್ಸೊ. 2022ರ ಅಕ್ಟೋಬರಿನಲ್ಲಿ ಹದಿನೆಂಟು ತಂಡಗಳಲ್ಲಿ ಹದಿನೇಳನೆಯ ಸ್ಥಾನದಲ್ಲಿದ್ದ ಲೆವರ್‌ಕುಸೆನ್ ಅನ್ನು ಕೈಗೆತ್ತಿಕೊಂಡು, 2023–24ರಲ್ಲಿ ಒಂದೂ ಸೋಲಿಲ್ಲದೆ ಜರ್ಮನಿಯ ಲೀಗ್ ಗೆಲ್ಲಿಸಿದವನು. ನಾನು ಹೇಳಿದೆ, ಮಧ್ಯದಲ್ಲಿ ನಿಂತವರಿಗೆ ಬೆನ್ನ ಹಿಂದೆಯೂ ಕಣ್ಣು ಬೇಕು, ಅದನ್ನು ವರ್ಷಗಟ್ಟಲೆ ಬೆಳೆಸಿಕೊಂಡವರು ಅವರು ಎಂದು. ಇದನ್ನು ನಾನು ಯಾವ ಪತ್ರಿಕೆಯಲ್ಲೂ ಓದಲಿಲ್ಲ. ನಿನ್ನನ್ನು ನೋಡಿಯೇ ಕಲಿತೆ. ಚೆಂಡು ನಿನ್ನ ಕಡೆ ಬರುವ ಮುಂಚೆ ನೀನು ಹೆಗಲ ಮೇಲಿಂದ ಒಮ್ಮೆ ಹಿಂದಕ್ಕೆ ನೋಡುತ್ತಿದ್ದೆ. ಮೊದಮೊದಲು ನನ್ನನ್ನು ಹುಡುಕುತ್ತಿದ್ದೀಯೆ ಎಂದುಕೊಂಡು ಕೈ ಬೀಸುತ್ತಿದ್ದೆ. ಯಾರು ಎಲ್ಲಿದ್ದಾರೆ ಎಂದು ಲೆಕ್ಕ ಹಾಕುತ್ತಿದ್ದೀಯೆ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಕಳೆದ ಬೇಸಿಗೆಯ ಒಂದು ಬೆಳಗನ್ನು ನಿನಗೆ ನೆನಪಿಸಬೇಕು. ಬಿಸಿಲು ಏರುವ ಮುಂಚೆ, ಆರು ಗಂಟೆ. ಬಳ್ಳಾರಿ ಗುಡ್ಡದ ಕಲ್ಲು ಆಗಷ್ಟೇ ಕೆಂಪಗಾಗುತ್ತಿತ್ತು. ನೀನು ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಸುಮ್ಮನೆ ಕುಳಿತಿದ್ದೆ. ನಮ್ಮ ಓಣಿಯ ಹುಡುಗಿಯರು ಆಡುತ್ತಿದ್ದರು. ಅದರಲ್ಲೊಬ್ಬಳು, ಹತ್ತು ವರ್ಷದವಳು, ಚೆಂಡು ಬಂದಾಗಲೆಲ್ಲ ತನ್ನ ಕಾಲನ್ನೇ ನೋಡುತ್ತಾ ಬೇರೆಯವರಿಗೆ ಚೆಂಡು ಬಿಟ್ಟುಕೊಡುತ್ತಿದ್ದಳು. ನೀನು ಎದ್ದು ಹೋಗಿ ಅವಳ ಬೆನ್ನ ಹಿಂದೆ ನಿಂತು ಬೆರಳು ಎತ್ತಿದೆ. ಎದುರಿನವಳು ಚೆಂಡು ತಳ್ಳಬೇಕು, ಅದು ಕಾಲಿಗೆ ತಾಗುವ ಮುಂಚೆ ಇವಳು ಹಿಂದೆ ತಿರುಗಿ ನೋಡಿ ಎಷ್ಟು ಬೆರಳು ಎಂದು ಹೇಳಬೇಕು. ಬೆರಳು ಕಂಡರೆ ಚೆಂಡು ತಪ್ಪುತ್ತಿತ್ತು, ಚೆಂಡು ಸಿಕ್ಕರೆ ಬೆರಳು ತಪ್ಪುತ್ತಿತ್ತು. ಹತ್ತು ಸಲವಾಯಿತು, ಹದಿನೈದು ಸಲವಾಯಿತು. ನೀನು ಬೈಯಲಿಲ್ಲ, ಹೊಗಳಲೂ ಇಲ್ಲ. ಆಮೇಲೆ ಒಂದು ಸಲ ಅವಳು “ಮೂರು!” ಎಂದು ಕೂಗಿ, ಅದೇ ಓಟದಲ್ಲಿ ಚೆಂಡನ್ನು ಎಡಕ್ಕೆ ಹೊರಳಿಸಿಕೊಂಡು ಹೋದಳು. ನೀನು ಮೂರು ಬೆರಳನ್ನು ಐದು ಮಾಡಿ ಮುಂದಿನ ಚೆಂಡಿಗೆ ಕಾದೆ. ಆ ಐದು ಬೆರಳನ್ನು ನೋಡಿದ ದಿನವೇ ನೀನು ಕೋಚ್ ಎಂದು ನನಗೆ ಗೊತ್ತಾಯಿತು. ಬಾಯಿಬಿಟ್ಟು ಹೇಳಲಿಲ್ಲ, ಆಡುವ ಆಸೆ ಇನ್ನೂ ಇತ್ತಲ್ಲ ನಿನಗೆ.

ತೋರಣಗಲ್ಲಿನ ಹತ್ತಿರ ಜಿಂದಾಲ್‌ನವರ ಕ್ರೀಡಾ ಸಂಸ್ಥೆ ಬಂದು, ಬೆಂಗಳೂರು ಎಫ್‌ಸಿಯ ಹುಡುಗರು ಅಲ್ಲೇ ಉಳಿದು ಕಲಿತದ್ದನ್ನು ನೀನು ಆಸೆಗಣ್ಣಿನಿಂದ ನೋಡಿದವಳು. ನಮ್ಮ ಓಣಿಯ ಈ ಹುಡುಗಿಗೆ ಅಂಥದ್ದೊಂದು ಬರಲು ಎಷ್ಟು ವರ್ಷ ಬೇಕೋ. ಅಷ್ಟರೊಳಗೆ ಅವಳಿಗೆ ಒಬ್ಬ ಅಕ್ಕ ಬೇಕು.

ಕೋಚ್ ಆಗುವವರ ಡಿ ಲೈಸೆನ್ಸ್ ಕೋರ್ಸಿನ ಅರ್ಜಿಯನ್ನು ತುಂಬು. ಅದರ ಮೇಲೆ ಸಿ, ಬಿ, ಎ, ಪ್ರೊ ಎಂದು ಮೆಟ್ಟಿಲುಗಳಿವೆ ಎಂದು ನೀನೇ ಹೇಳಿದ್ದೆ. ಶುಲ್ಕದ ಚಿಂತೆ ಬೇಡ, ಈ ತಿಂಗಳು ಹೊಲಿದ ಪೀಸಿನ ಲೆಕ್ಕದ ದುಡ್ಡು ನಿನ್ನೆಯೇ ಕೈಗೆ ಬಂದಿದೆ. ಶಾಲೆಯವರಿಗೆ ಒಂದು ಮಾತು ಮಾತ್ರ ಖಡಾಖಂಡಿತವಾಗಿ ಕೇಳಿಕೋ, ಹುಡುಗಿಯರಿಗೆ ವಾರದಲ್ಲಿ ಎಷ್ಟು ದಿನ ಮೈದಾನ ಬಿಡುತ್ತೀರಿ ಎಂದು. ಸಂಬಳಕ್ಕಿಂತ ಮೊದಲು ಅದನ್ನು ಕೇಳು.

ಶನಿವಾರಕ್ಕೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಟಿಕೆಟ್ ಮಾಡಿಸಿಕೊಂಡು ಬಾ. ಒಗ್ಗರಣೆ, ಮಿರ್ಚಿ ಮಾಡಿಡುತ್ತೇನೆ. ಜೀನ್ಸಿನ ಉಳಿದ ತುಂಡುಗಳನ್ನು ಕೂಡಿಸಿ ಚೆಂಡಿನ ಚೀಲವೊಂದನ್ನು ಹೊಲಿದಿದ್ದೇನೆ, ಬಾಯಿಗೆ ಗಟ್ಟಿ ದಾರ ಹಾಕಿದ್ದೇನೆ. ಆರು ಚೆಂಡು ಹಿಡಿಯುತ್ತದೆ. ಸಾಲದಿದ್ದರೆ ಫೋನ್ ಮಾಡು, ನೀನು ಬರುವುದರೊಳಗೆ ಇನ್ನೊಂದನ್ನು ಹೊಲಿಯುತ್ತೇನೆ.

ನಿನ್ನ ಪ್ರೀತಿಯ,
ಅಮ್ಮ