ಆರೋಗ್ಯ ಸಚಿವರಿಗೆ: ಗಂಟನ್ನು ಫಾರ್ಮಾಲಿನ್‌ಗೆ ಹಾಕುವ ಮುನ್ನ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಮ್ಮ ಯಜಮಾನರಿಗೆ ಅತ್ತೆಯವರ ಕಿಡ್ನಿ ಹಾಕಿ ನಾಲ್ಕು ವರ್ಷವಾಯಿತು. ನಮ್ಮದು ಅಡಿಕೆ ತೋಟ. ಕಳೆದ ಮಳೆಗಾಲದಲ್ಲಿ ಅವರ ಮೊಣಕಾಲಿನ ಕೆಳಗೆ ಗೋಲಿಯಷ್ಟು ದೊಡ್ಡ ಗಂಟು ಎದ್ದಿತು. ನೋವಿಲ್ಲ, ಜ್ವರವಿಲ್ಲ. ಮುಳ್ಳು ಚುಚ್ಚಿದ್ದು ಅವರಿಗೆ ನೆನಪೂ ಇಲ್ಲ. ಕೊಬ್ಬಿನ ಗಂಟೆಂದು ಒಂದು ಆಸ್ಪತ್ರೆಯಲ್ಲಿ ಕೊಯ್ದು, ಕೊಯ್ದ ತುಂಡು ಕೊಳೆಯದಂತೆ ಇಡುವ ಫಾರ್ಮಾಲಿನ್ ದ್ರವದ ಬಾಟಲಿಗೆ ಇಡಿಯಾಗಿ ಹಾಕಿದರು. ಬಯಾಪ್ಸಿ ವರದಿಯಲ್ಲಿ ಕಂದು ಬಣ್ಣದ ಫಂಗಸ್ ಎಳೆಗಳಿವೆ ಎಂದು ಬಂತು. ಯಾವ ಫಂಗಸ್? ಹೇಳಲಾಗದು ಎಂದರು. ಫಾರ್ಮಾಲಿನ್‌ನಲ್ಲಿ ಅದು ಸತ್ತಿತ್ತು, ಸತ್ತದ್ದು ಕಲ್ಚರ್‌ನಲ್ಲಿ, ಅಂದರೆ ಲ್ಯಾಬಿನಲ್ಲಿ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಯಲ್ಲಿ, ಬೆಳೆಯುವುದಿಲ್ಲ. ಮೂರು ತಿಂಗಳಿಗೆ ಗಂಟು ಅದೇ ಜಾಗದಲ್ಲಿ ಮತ್ತೆ ಬಂತು, ಮತ್ತೆ ಕೊಯ್ದರು.

ಈ ಫಂಗಸ್‌ಗಳು ಮಣ್ಣಿನಲ್ಲಿ, ಕೊಳೆತ ಕಟ್ಟಿಗೆಯಲ್ಲಿ, ಮುಳ್ಳಿನ ತುದಿಯಲ್ಲಿ ಇರುತ್ತವಂತೆ. ನಮ್ಮಂಥವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಕಸಿಯಾದ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಸ್ಟಿರಾಯ್ಡ್ ನುಂಗುವವರ ಮೈಗೆ ಎದುರಿಸುವ ಕಸುವು ಕಡಿಮೆ. ಸೋಂಕಿದ್ದರೂ ಕೆಂಪಗಾಗದೆ, ನೋಯದೆ ಇರಬಹುದು. ನೊಕಾರ್ಡಿಯಾ ಎಂಬ ಬ್ಯಾಕ್ಟೀರಿಯಾ, ಕ್ಷಯದ ಬಳಗದ ಬೇರೆ ರೋಗಾಣುಗಳು ಕೂಡ ಇಂಥದೇ ಗಂಟಾಗಿ ಕಾಣಿಸಿಕೊಳ್ಳುತ್ತವೆ. ಒಂದೊಂದಕ್ಕೂ ಬೇರೆ ಔಷಧಿ. ಕಣ್ಣಿಂದ ನೋಡಿ ಹೇಳಲಾಗದು.

ಹಾಗಾಗಿ ನಾನು ಕೇಳುವುದು ಒಂದು ಸುತ್ತೋಲೆ. ಅಂಗಾಂಗ ಕಸಿಯಾದವರ ಚರ್ಮದಿಂದ ಏನೇ ಕೊಯ್ದು ತೆಗೆದರೂ ಎರಡು ತುಂಡು ಮಾಡಲಿ. ಒಂದು ಫಾರ್ಮಾಲಿನ್‌ಗೆ, ಇನ್ನೊಂದು ಶುದ್ಧ ಸಲೈನ್‌ಗೆ. ಸಲೈನ್ ಇಲ್ಲದ ಆಸ್ಪತ್ರೆ ಎಲ್ಲಿದೆ, ಸ್ವಾಮಿ? ಶಿವಮೊಗ್ಗ, ಹಾಸನ, ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ರೋಗಾಣು ಪರೀಕ್ಷಿಸುವ ಮೈಕ್ರೋಬಯಾಲಜಿ ವಿಭಾಗಗಳಿವೆ. ಸಲೈನ್‌ನಲ್ಲಿಟ್ಟ ತುಂಡು ಅಂಥಲ್ಲಿಗೆ ತಲುಪಲಿ. ಎರಡು ದಿನಕ್ಕೆ ಏನೂ ಬೆಳೆಯಲಿಲ್ಲವೆಂದು ಎಸೆಯದೆ, ಫಂಗಸ್ ಕಲ್ಚರನ್ನು ನಾಲ್ಕು ವಾರ ಕಾಯಲಿ.

ಇನ್ನೊಂದು ಮಾತು ಇದಕ್ಕೆ ಅಂಟಿಕೊಂಡೇ ಇದೆ. ಫಂಗಸ್‌ಗೆ ಕೊಡುವ ಇಟ್ರಾಕೊನಜೋಲ್ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತದೆ. ಏರಿದ ಟ್ಯಾಕ್ರೋಲಿಮಸ್ ಕಿಡ್ನಿಯನ್ನೇ ಕೆಡಿಸುತ್ತದೆ. ನಮ್ಮವರಿಗೆ ಮಾತ್ರೆ ಶುರುವಾದ ಮೇಲೆ ಮಟ್ಟ ನೋಡಿಸಲು ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಬೇಕಾಯಿತು. ವರದಿ ಬಂದು ಡೋಸ್ ಇಳಿಸುವಷ್ಟರಲ್ಲಿ, ಕಿಡ್ನಿ ಸೋತರೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿತ್ತು. "ನಾ ಕೊಟ್ಟಿದ್ದು ಸರಿ ಇದ್ಯಾ?" ಎಂದು ಅತ್ತೆ ದಿನಾ ಕೇಳುತ್ತಿದ್ದರು. ಆ ರಕ್ತದ ಮಾದರಿಯನ್ನು ಜಿಲ್ಲಾಸ್ಪತ್ರೆಯಲ್ಲೇ ತೆಗೆದು ಕಳಿಸುವ ವ್ಯವಸ್ಥೆ ಮಾಡಿಕೊಡಿ.

ತೋಟದ ಕೆಲಸ ಬಿಡಿ ಎಂದು ವೈದ್ಯರು ಹೇಳಿದ್ದಾರೆ. ಬಿಟ್ಟರೆ ಮಾತ್ರೆಗೆ ದುಡ್ಡೆಲ್ಲಿಂದ? ಈಗ ಮೊಣಕಾಲುದ್ದದ ಬೂಟು ಹಾಕಿಕೊಂಡೇ ಇಳಿಯುತ್ತಾರೆ. ಸಂಜೆ ನಾನು ಟಾರ್ಚ್ ಹಿಡಿದು ಅವರ ಕಾಲು ನೋಡುತ್ತೇನೆ. ಮುಂದಿನ ಮಳೆಗಾಲದೊಳಗೆ ಆ ಸುತ್ತೋಲೆ ಹೊರಡಲಿ.

ಇಂತಿ,
ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರ್ತಿ