ಮುಗಿಸುವವರು ಯಾರು?

ಪ್ರೀತಿಯ ಮಗಳೇ,

ಚಿಕ್ಕಪ್ಪನ ಆಶೀರ್ವಾದಗಳು. ಅಮೆರಿಕದ ಐವತ್ತು ರಾಜ್ಯಗಳ ತುರ್ತು ಅಧಿಕಾರದ ಕಾನೂನುಗಳನ್ನು ಒಂದೆಡೆ ಜೋಡಿಸುವ ಕೆಲಸ ನಿನ್ನ ಪಾಲಿಗೆ ಬಂದದ್ದು ನನಗೆ ಹೆಮ್ಮೆಯ ವಿಷಯ. ನೀನು ಕಳಿಸಿದ ಪಟ್ಟಿಯನ್ನು ಎರಡು ಸಲ ಓದಿದೆ. ತುರ್ತುಸ್ಥಿತಿ ಘೋಷಿಸುವವರು ಯಾರು ಎಂಬುದು ಅದರ ಮೊದಲ ಕಾಲಂ. ಉದ್ದಕ್ಕೂ ಗವರ್ನರ್, ಗವರ್ನರ್ ಎಂದೇ ಇದೆ. ಅದನ್ನು ಹಿಂದಕ್ಕೆ ಸರಿಸು. ಮುಗಿಸುವವರು ಯಾರು, ಯಾವಾಗ ಎಂಬುದು ಮೊದಲು ಬರಲಿ.

ಮಿಷಿಗನ್ ರಾಜ್ಯವನ್ನೇ ನೋಡು. 1976ರ ಕಾಯಿದೆಯಂತೆ 28 ದಿನ ಕಳೆದ ಮೇಲೆ ತುರ್ತುಸ್ಥಿತಿ ಮುಂದುವರಿಯಲು ಶಾಸಕಾಂಗದ ಒಪ್ಪಿಗೆ ಬೇಕು. 1945ರ ಇನ್ನೊಂದು ಕಾಯಿದೆಯಲ್ಲಿ ದಿನಗಳ ಲೆಕ್ಕವೇ ಇರಲಿಲ್ಲ. ತುರ್ತುಸ್ಥಿತಿ ಮುಗಿಯಿತೆಂದು ಗವರ್ನರ್ ಹೇಳುವವರೆಗೂ ಅದು ಜಾರಿಯಲ್ಲಿರುತ್ತಿತ್ತು. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್ ಕೊನೆಗೆ ಶಾಸಕಾಂಗ ಅವಧಿ ವಿಸ್ತರಿಸದಿದ್ದಾಗ ಗವರ್ನರ್ ಈ ಹಳೆಯ ಕಾಯಿದೆಯನ್ನು ಆಶ್ರಯಿಸಿದರು. ಅಕ್ಟೋಬರ್ 2ರಂದು ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕ ಎಂದಿತು. 2021ರಲ್ಲಿ ಅದು ರದ್ದಾಯಿತು. ನಿನ್ನ ಪಟ್ಟಿಯಲ್ಲಿ ಮಿಷಿಗನ್‌ಗೆ ಇರುವುದು ಒಂದೇ ಸಾಲು: ‘28 ದಿನ’. ಆ ಬೇಸಿಗೆಯಲ್ಲಿ ಅಲ್ಲಿನ ಜನರನ್ನು ಕಟ್ಟಿಹಾಕಿದ್ದು ಆ ಸಾಲಲ್ಲ, ಮಗಳೇ. ರಾಜ್ಯಕ್ಕೊಂದು ಸಾಲು ಸಾಲದು, ಕಾಯಿದೆಗೊಂದು ಬೇಕು.

ಟೆಕ್ಸಸ್‌ನದು ಬೇರೆ ಬಗೆ. ಘೋಷಣೆಯ ಆಯುಸ್ಸು 30 ದಿನ, ಗವರ್ನರ್ ನವೀಕರಿಸಬಹುದು. ಶಾಸಕಾಂಗ ಯಾವಾಗ ಬೇಕಾದರೂ ಕೊನೆಗೊಳಿಸಬಹುದು ಎಂದು ಕಾಯಿದೆ ಹೇಳುತ್ತದೆ. ಆದರೆ ಆ ಶಾಸಕಾಂಗ ಸಾಮಾನ್ಯವಾಗಿ ಸೇರುವುದು ಎರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ 140 ದಿನ. ನಡುವೆ ವಿಶೇಷ ಅಧಿವೇಶನ ಕರೆಯಬೇಕಾದವರೂ ಗವರ್ನರೇ. ಇದು ತುರ್ತು ಕಾಯಿದೆಯ ಪುಟದಲ್ಲಿ ಸಿಗುವುದಿಲ್ಲ, ಸಂವಿಧಾನದಲ್ಲಿ ಹುಡುಕಬೇಕು. ವಿಸ್ಕಾನ್ಸಿನ್‌ನ 60 ದಿನದ ಮಿತಿಯ ಪಕ್ಕದಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ 2021ರ ಮಾರ್ಚ್ ತೀರ್ಪನ್ನೂ ಬರೆ: ಗವರ್ನರ್ ಒಂದೇ ಕಾರಣ ಕೊಟ್ಟು ಮತ್ತೆ ಮತ್ತೆ ಹೊಸ ಘೋಷಣೆ ಹೊರಡಿಸುವಂತಿಲ್ಲ.

ಪ್ರತಿ ಸಾಲಿಗೂ ದಿನಾಂಕ ಹಾಕು. ಪೆನ್ಸಿಲ್ವೇನಿಯಾದ 90 ದಿನವನ್ನು 2021ರ ಮೇ ತಿಂಗಳಲ್ಲಿ ಮತದಾರರೇ 21ಕ್ಕೆ ಇಳಿಸಿದರು. ನೀನು ನೋಡಿದ್ದು ಹಳೆಯ ಮುದ್ರಣವಿರಬೇಕು. ಕಾನೂನು ಗ್ರಂಥಾಲಯದಲ್ಲಿ ನನ್ನ ಕೆಲಸ ತಿದ್ದುಪಡಿ ಚೀಟಿಗಳನ್ನು ಪುಸ್ತಕಗಳಿಗೆ ಅಂಟಿಸುವುದಾಗಿತ್ತು. ಒಂದು ಚೀಟಿ ಡ್ರಾಯರ್‌ನಲ್ಲೇ ಉಳಿದುಹೋಯಿತು. ಒಬ್ಬ ಕಿರಿಯ ವಕೀಲ ರದ್ದಾದ ಕಲಮನ್ನು ನ್ಯಾಯಾಧೀಶರೆದುರು ಓದಿದ. ಸಂಜೆ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಮಾತಾಡದೆ ಹೋದ. ಅವನ ಮುಖ ಇಂದಿಗೂ ಕಣ್ಣ ಮುಂದಿದೆ.

ಮಿಷಿಗನ್ ಸಾಲನ್ನು ಒಡೆದು ಬರೆದು ಮೊದಲು ನನಗೆ ಕಳಿಸು, ಓದಿ ಹೇಳುತ್ತೇನೆ.

ನಿನ್ನ ಚಿಕ್ಕಪ್ಪ