ಗ್ಯಾರೇಜ್ ಹುಡುಗರಿಗೆ ತರಬೇತಿ ಕೊಡಿ

ಮಾನ್ಯ ಸಂಪಾದಕರೇ,

ನಾನು ನಂಗಲಿಯವನು. ಒಂಬತ್ತು ವರ್ಷದಿಂದ ಸ್ವಂತ ಪಿಕಪ್ ಓಡಿಸುತ್ತಿದ್ದೇನೆ. ಸೀಸನ್‌ನಲ್ಲಿ ಸುತ್ತಮುತ್ತಲ ತೋಟಗಳಿಂದ ಟೊಮೆಟೊ ತುಂಬಿಕೊಂಡು ಕೋಲಾರದ ಎಪಿಎಂಸಿಗೆ ಹೋಗುವುದೇ ನನ್ನ ಕಸುಬು. 15 ಕೆ.ಜಿ. ಬಾಕ್ಸ್ 80-90 ಏರಿಸಿದರೆ ನನ್ನ ಗಾಡಿಗೆ ಪೂರ್ತಿ ಲೋಡು.

ಕಳೆದ ಸೀಸನ್‌ನಲ್ಲಿ ಗಾಡಿ ಮಿಸ್ಸಿಂಗ್ ಹೊಡೆಯಲು ಶುರು ಮಾಡಿತು. ಖಾಲಿ ಇದ್ದಾಗ ಏನೂ ಇಲ್ಲ. ನಿಂತ ಕಡೆ ರೇಸ್ ಮಾಡಿದರೂ ಚೆನ್ನಾಗೇ ಇರುತ್ತಿತ್ತು. ಲೋಡು ಹಾಕಿಕೊಂಡು ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಎತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ಗಾಡಿ ತಡವರಿಸುತ್ತಿತ್ತು. ಯಾರೋ ಹಿಂದಿನಿಂದ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದ ಹಾಗೆ. ಹೆದ್ದಾರಿ 75ರಲ್ಲಿ ಬೆನ್ನ ಹಿಂದೆ ಲಾರಿ ಇದ್ದಾಗ ಹೀಗಾದರೆ ಎದೆ ಝಲ್ ಅನ್ನುತ್ತೆ.

ಮೊದಲು ಹೋದ ಗ್ಯಾರೇಜಿನಲ್ಲಿ ಬಾನೆಟ್ ಎತ್ತುವ ಮುಂಚೆಯೇ ‘ಇಂಜೆಕ್ಟರ್ ಹೋಗಿದೆ’ ಅಂದರು. ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ ಅದು. ಎರಡು ಬದಲಾಯಿಸಿದರು, 24,000 ರೂಪಾಯಿ ಆಯಿತು. ಮಾರನೇ ದಿನ ಲೋಡು ಹಾಕಿದರೆ ಮತ್ತೆ ಅದೇ. ಇನ್ನೊಂದು ಕಡೆ ‘ಟರ್ಬೊ ಹೋಗಿದೆ, 40,000 ಆಗುತ್ತೆ’ ಅಂದರು. ನಾನು ಒಪ್ಪಲಿಲ್ಲ.

ದುಡ್ಡು ಹೋಗಿದ್ದಕ್ಕೆ ನಾನು ಈ ಪತ್ರ ಬರೆಯುತ್ತಿಲ್ಲ. ಆ ಮೊದಲ ಗ್ಯಾರೇಜಿನಲ್ಲಿ ಹದಿನೇಳು ಹದಿನೆಂಟು ವರ್ಷದ ಒಬ್ಬ ಹುಡುಗ ಇದ್ದ. ಎಂಜಿನ್ ಓಡುತ್ತಿರುವಾಗಲೇ ಸ್ಪ್ಯಾನರ್ ಹಿಡಿದು ಇಂಜೆಕ್ಟರ್ ಪೈಪಿನ ನಟ್ಟು ಸಡಿಲ ಮಾಡಲು ಹೋದ. ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ನೋಡುವ ಹಳೆಯ ವಿಧಾನ ಅದು. ನಮ್ಮಪ್ಪನ ಟ್ರ್ಯಾಕ್ಟರಿಗೂ ಹಾಗೇ ನೋಡುತ್ತಿದ್ದರು. ಆದರೆ ಈಗಿನ ಪಿಕಪ್‌ಗಳು ಕಾಮನ್ ರೈಲ್ ಗಾಡಿಗಳು. ಅಂದರೆ ಪಂಪು ಡೀಸೆಲ್ಲನ್ನು ಭಾರಿ ಒತ್ತಡದಲ್ಲಿ ‘ರೈಲ್’ ಅನ್ನುವ ಒಂದೇ ಕೊಳವೆಗೆ ತುಂಬುತ್ತೆ, ಅಲ್ಲಿಂದ ಎಲ್ಲ ಇಂಜೆಕ್ಟರುಗಳಿಗೂ ಹೋಗುತ್ತೆ. ನಮ್ಮ ಹಿಂದಿನ ಟಯರಿಗೆ ಹಾಕುವ ಗಾಳಿಯ ಒತ್ತಡ ನಾಲ್ಕೂವರೆ ಬಾರ್ ಇರಬಹುದು. ಆ ಪೈಪಿನೊಳಗೆ ಡೀಸೆಲ್ ಒತ್ತಡ ಸುಮ್ನೆ ಐಡ್ಲಿಂಗ್‌ನಲ್ಲೇ 250-300 ಬಾರ್ ಇರುತ್ತೆ. ಲೋಡು ಎಳೆಯುವಾಗ 1,000 ದಾಟುತ್ತೆ, 1,600ರವರೆಗೂ ಹೋಗುತ್ತೆ. ಅಲ್ಲಿಂದ ಚಿಮ್ಮಿದ ಡೀಸೆಲ್ ಚರ್ಮ ತೂರಿಕೊಂಡು ಒಳಗೆ ಹೋಗುತ್ತೆ. ಹೊರಗೆ ನೋಡಿದರೆ ಸೂಜಿ ಚುಚ್ಚಿದಷ್ಟೇ ಗಾಯ. ನೋವೂ ಮೊದಲಿಗೆ ಜಾಸ್ತಿ ಇರುವುದಿಲ್ಲ. ತಕ್ಷಣ ಆಸ್ಪತ್ರೆಗೆ ಹೋಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಗಾಡಿ ಜೊತೆ ಬಂದ ಪುಸ್ತಕದಲ್ಲಿ ಈ ಎಚ್ಚರಿಕೆ ಓದಿದ್ದೆ. ಅದಕ್ಕೇ ಕೈ ಹಿಡಿದು ನಿಲ್ಲಿಸಿದೆ. ‘ಅಣ್ಣಾ, ನಾವು ಯಾವಾಗ್ಲೂ ಹಿಂಗೇ ನೋಡೋದು’ ಅಂದ. ಅವನ ತಪ್ಪಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ.

ಕೊನೆಗೆ ಕೋಲಾರದಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಸ್ಪ್ಯಾನರ್ ಮುಟ್ಟುವ ಮೊದಲು ನನ್ನನ್ನು ಕೂರಿಸಿಕೊಂಡು ಕೇಳಿದರು. ಲೋಡಿದ್ದಾಗ ಮಾತ್ರಾನಾ? ಎಂಜಿನ್ ಬಿಸಿ ಆದ ಮೇಲಾ, ತಣ್ಣಗಿದ್ದಾಗಲೂ ಹೀಗೇನಾ? ಕಪ್ಪು ಹೊಗೆ ಬರುತ್ತಾ? ಕಪ್ಪು ಹೊಗೆ ಇಲ್ಲ ಅಂದೆ. ‘ಹಂಗಾದ್ರೆ ಮೊದಲು ಡೀಸೆಲ್ ಕಡೆ ನೋಡೋಣ’ ಅಂದರು. ಟರ್ಬೊ ಪೈಪ್ ಸೀಳಿದ್ದರೆ, ಏರ್ ಫಿಲ್ಟರ್ ಕಟ್ಟಿದ್ದರೆ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತೆ. ಹೊಗೆ ಇಲ್ಲದೆ ಗಾಡಿ ಜಗ್ಗುತ್ತಿದೆ ಅಂದರೆ ಡೀಸೆಲ್ ಸಾಲುತ್ತಿಲ್ಲ ಅಂತ ಅನುಮಾನ ಪಡಬೇಕು, ಅಲ್ವಾ?

ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದಾಗ ರೈಲ್ ಪ್ರೆಶರ್ (ರೈಲಿನೊಳಗಿನ ಡೀಸೆಲ್ ಒತ್ತಡ) ಕಡಿಮೆ ಅಂತ ದೋಷದ ಕೋಡ್ ಬಂತು. ಕೋಡ್ ಬಂದ ತಕ್ಷಣ ಪಾರ್ಟು ಹೋಗಿದೆ ಅಂತ ಅಲ್ಲ, ಯಾಕೆ ಕಡಿಮೆ ಅಂತ ಹುಡುಕಬೇಕು ಅಂದರು. ಡೀಸೆಲ್ ಫಿಲ್ಟರ್ ನೋಡಿದರು, ನೀರು ಇರಲಿಲ್ಲ. ಆಮೇಲೆ ಫಿಲ್ಟರ್ ಮತ್ತು ಪಂಪಿನ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿದರು. ‘ಈಗ ನೋಡ್ತಾ ಇರಣ್ಣ’ ಅಂತ ರೇಸ್ ಏರಿಸಿ ಹಿಡಿದರು. ಮೊದಲು ಬರೀ ಡೀಸೆಲ್. ಆಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು, ಒಂದರ ಹಿಂದೆ ಒಂದು. ಟ್ಯಾಂಕಿನ ಪೈಪ್ ಬಿಚ್ಚಿ, ಬೇರೆ ಪೈಪಿನಿಂದ ನೇರವಾಗಿ ಕ್ಯಾನಿನ ಡೀಸೆಲ್ ಕೊಟ್ಟರು. ಗುಳ್ಳೆ ನಿಂತುಹೋಯಿತು. ಟ್ಯಾಂಕಿನಿಂದ ಬರುವ ರಬ್ಬರ್ ಪೈಪ್ ಚಾಸಿಗೆ ಉಜ್ಜಿ ಉಜ್ಜಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಪಂಪು ಡೀಸೆಲ್ ಹೀರುವ ಕಡೆ ಅದು. ಹಾಗಾಗಿ ಒಂದು ಹನಿಯೂ ಹೊರಗೆ ಸೋರಲಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತಿತ್ತು. ಮೆಲ್ಲಗೆ ಹೋದರೆ ಗೊತ್ತಾಗುತ್ತಿರಲಿಲ್ಲ. ಲೋಡಿನಲ್ಲಿ ಎಂಜಿನ್ ಜಾಸ್ತಿ ಡೀಸೆಲ್ ಕೇಳಿದಾಗ ಒತ್ತಡ ಬೀಳುತ್ತಿತ್ತು. ಪೈಪು, ಕ್ಲಿಪ್ಪು, ಕೂಲಿ ಎಲ್ಲ ಸೇರಿ 850 ರೂಪಾಯಿ.

ಪೆಟ್ರೋಲ್ ಟರ್ಬೊ ಗಾಡಿ ಇರುವವರಿಗೆ ಲೆಕ್ಕ ಬೇರೆ. ಅಲ್ಲಿ ಟರ್ಬೊ ಗಾಳಿ ತುಂಬಿದಾಗ ಪ್ಲಗ್ಗಿನಲ್ಲಿ ಕಿಡಿ ಹಾರುವುದು ಕಷ್ಟ. ಪ್ಲಗ್ಗಿನ ಗ್ಯಾಪ್ ಜಾಸ್ತಿ ಆಗಿದ್ದರೆ, ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ವೀಕ್ ಆಗಿದ್ದರೆ ಒತ್ತಿದಾಗಲೇ ಮಿಸ್ಸಿಂಗ್ ಹೊಡೆಯುತ್ತೆ. ಅದನ್ನು ಮೊದಲು ನೋಡಿಸಿ.

ನಮ್ಮ ಜಿಲ್ಲೆಯಲ್ಲಿ ತರಕಾರಿ, ಹಾಲು, ಮಾವು, ರೇಷ್ಮೆಗೂಡು ಎಲ್ಲ ಇಂಥ ಗಾಡಿಗಳಲ್ಲೇ ಹೋಗಬೇಕು. ರಿಪೇರಿ ಮಾಡುವ ಹುಡುಗರು ಎಸ್ಸೆಸ್ಸೆಲ್ಸಿ ಬಿಟ್ಟು ಕೆಲಸಕ್ಕೆ ಸೇರಿದವರು. ಅವರು ಎರಡು ವರ್ಷ ಐಟಿಐಗೆ ಹೋಗಿ ಓದಲಾರರು. ಆದರೆ ತಿಂಗಳಿಗೊಂದು ಭಾನುವಾರ ಸರ್ಕಾರಿ ಐಟಿಐಗಳಲ್ಲೇ ಅವರಿಗೆ ಉಚಿತವಾಗಿ ಕಲಿಸಬಹುದು. ಸ್ಕ್ಯಾನರ್ ಓದುವುದು, ಪಾರ್ಟು ಬದಲಿಸುವ ಮೊದಲು ಪರೀಕ್ಷೆ ಮಾಡುವುದು ಕಲಿಸಲಿ. ಅದಕ್ಕೂ ಮುಂಚೆ, ಕಾಮನ್ ರೈಲ್ ಪೈಪನ್ನು ಎಂಜಿನ್ ಓಡುವಾಗ ಬಿಚ್ಚಬಾರದು ಅನ್ನುವುದನ್ನು ಹೇಳಿಕೊಡಲಿ. ಜಿಲ್ಲಾಡಳಿತ ಇದನ್ನು ಈ ಸೀಸನ್ ಶುರುವಾಗುವ ಮೊದಲೇ ಮಾಡಬೇಕು ಅಂತ ಕೈಮುಗಿದು ಕೇಳುತ್ತೇನೆ.

ಆ ಹುಡುಗ ಈಗಲೂ ಅದೇ ಗ್ಯಾರೇಜಿನಲ್ಲಿದ್ದಾನೆ. ನನ್ನ ಗಾಡಿ ಕಂಡರೆ ಕೈ ಎತ್ತುತ್ತಾನೆ. ತರಗತಿ ಶುರುವಾದರೆ ಮೊದಲ ದಿನ ಅವನನ್ನು ನನ್ನ ಗಾಡಿಯಲ್ಲೇ ಕರೆದುಕೊಂಡು ಬರುತ್ತೇನೆ.

– ಪಿಕಪ್ ಮಾಲೀಕ, ನಂಗಲಿ, ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ